ನಿಧಿಯ ಒಗಟನ್ನು ಅಂತರ್ಜಾಲದಲ್ಲಿ ಹತ್ತು ಜನ ಕೂಡಿ ಬಿಡಿಸುವ ಬಗೆ

ನಿಧಿಯ ಗುರುತನ್ನು ಪದ್ಯದಲ್ಲಿಯೂ ಚಿತ್ರದಲ್ಲಿಯೂ ಅಡಗಿಸಿಟ್ಟ ಒಗಟುಗಳ ಬಗ್ಗೆ ಕೆಲವು ವರ್ಷಗಳಿಂದ ಬರೆಯುತ್ತಿರುವ ನನಗೆ ಓದುಗರಿಂದ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ ಇರುತ್ತದೆ. ಐದಾರು ಗೆಳೆಯರು ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿರುತ್ತಾರೆ. ಬೆಂಗಳೂರಿನಲ್ಲಿ ಮೂವರು, ಮೈಸೂರಿನಲ್ಲಿ ಒಬ್ಬರು, ಅಮೆರಿಕದಲ್ಲಿ ಇಬ್ಬರು. ಮೊದಲ ವಾರ ಸಾವಿರ ಸಂದೇಶಗಳು ಹರಿದಾಡುತ್ತವೆ, ಎರಡನೆಯ ತಿಂಗಳ ಹೊತ್ತಿಗೆ ಶುಭೋದಯದ ಚಿತ್ರಗಳಷ್ಟೇ ಉಳಿಯುತ್ತವೆ. ಎಲ್ಲಿ ಎಡವಿದೆವು ಎಂದು ಕೇಳುತ್ತಾರೆ.

ಬುದ್ಧಿ ಸಾಲದೆ ಎಡವಿದ ಗುಂಪನ್ನು ನಾನು ಈವರೆಗೆ ಕಂಡಿಲ್ಲ. ಜಾಣರು ಹೆಚ್ಚಿದಷ್ಟೂ ಗುಂಪಿನಲ್ಲಿ ಉತ್ತರಗಳು ಹೆಚ್ಚುತ್ತವೆ, ಆದರೆ ಆ ಉತ್ತರಗಳನ್ನು ಒರೆಗೆ ಹಚ್ಚುವವರು ಹೆಚ್ಚುವುದಿಲ್ಲ. ಕೊನೆಗೆ ಯಾರ ಉತ್ತರ ಯಾವ ಆಧಾರದ ಮೇಲೆ ನಿಂತಿದೆ ಎಂಬುದೇ ಮರೆತುಹೋಗಿ ಎಲ್ಲರೂ ದಣಿಯುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಉತ್ತರ ಹೊಳೆಸಿಕೊಳ್ಳುವ ಉಪಾಯಗಳಿಗಿಂತ, ಹೊಳೆದ ಉತ್ತರಗಳನ್ನು ಕ್ರಮವಾಗಿ ಜರಡಿ ಹಿಡಿಯುವ ವಿಧಾನಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ಬಗೆಯ ಒಗಟು?

ಈ ಆಟದ ಕಟ್ಟು ಸರಳವಾದದ್ದು: ಒಬ್ಬರು ಬೆಲೆಬಾಳುವ ವಸ್ತುವೊಂದನ್ನು ಎಲ್ಲೋ ಹೂತಿಟ್ಟು ಅಲ್ಲಿಗೆ ಹೋಗುವ ದಾರಿಯನ್ನು ಒಗಟಾಗಿ ಪ್ರಕಟಿಸುತ್ತಾರೆ, ಬಿಡಿಸಿದವರಿಗೆ ವಸ್ತು ಸೇರುತ್ತದೆ. 1979ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಕಿಟ್ ವಿಲಿಯಮ್ಸ್ ಚಿನ್ನದ ಮೊಲವೊಂದನ್ನು ಹೂತು ಅದರ ಜಾಡನ್ನು ಹದಿನೈದು ಚಿತ್ರಗಳಲ್ಲಿ ಅಡಗಿಸಿದರು. 1982ರಲ್ಲಿ ಅಮೆರಿಕದ ಪ್ರಕಾಶಕ ಬೈರನ್ ಪ್ರೈಸ್ ಉತ್ತರ ಅಮೆರಿಕದ ಹನ್ನೆರಡು ಕಡೆ ಹನ್ನೆರಡು ಪೆಟ್ಟಿಗೆಗಳನ್ನು ಹೂತು ಹನ್ನೆರಡು ಚಿತ್ರಗಳನ್ನೂ ಹನ್ನೆರಡು ಪದ್ಯಗಳನ್ನೂ ಪ್ರಕಟಿಸಿದರು; ಯಾವ ಚಿತ್ರಕ್ಕೆ ಯಾವ ಪದ್ಯ ಜೋಡಿ ಎಂಬುದನ್ನೂ ಓದುಗರೇ ಕಂಡುಕೊಳ್ಳಬೇಕು. ಅವುಗಳಲ್ಲಿ ಒಂದು 1983ರಲ್ಲಿ ಶಿಕಾಗೋದಲ್ಲಿ, ಒಂದು 2004ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ, ಒಂದು 2019ರಲ್ಲಿ ಬಾಸ್ಟನ್ನಿನಲ್ಲಿ ಸಿಕ್ಕಿತು. ಉಳಿದವುಗಳ ಹುಡುಕಾಟ ನಿಂತಿಲ್ಲ, ಹೊಸ ಗುಂಪಿನ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಒಗಟನ್ನು ನಾನು ಸೂಚಿಸಲಾರೆ. 1993ರಲ್ಲಿ ಫ್ರಾನ್ಸಿನಲ್ಲಿ ಮ್ಯಾಕ್ಸ್ ವ್ಯಾಲೆಂಟಿನ್ ಎಂಬ ಗುಪ್ತನಾಮದವರು ಹನ್ನೊಂದು ಒಗಟುಗಳೊಂದಿಗೆ ಆರಂಭಿಸಿದ, ಹೂತಿಟ್ಟ ಗೂಬೆಯ ಪ್ರತಿಮೆಯೊಂದರ ಬೇಟೆ ಮುಗಿದದ್ದು 2024ರ ಅಕ್ಟೋಬರಿನಲ್ಲಿ, ಅಂದರೆ 31 ವರ್ಷಗಳ ನಂತರ.

ಅಲ್ಲಮನ ಬೆಡಗಿನ ವಚನಗಳನ್ನೂ ಕನಕದಾಸರ ಮುಂಡಿಗೆಗಳನ್ನೂ ಓದಿ ಬೆಳೆದ ನಮಗೆ ಗೂಢವಾಗಿ ಹೇಳುವ ಕಲೆ ಹೊಸದಲ್ಲ. ಆದರೆ ಆ ಓದಿನ ಒಂದು ಅಭ್ಯಾಸವನ್ನು ಇಲ್ಲಿ ಬಾಗಿಲ ಹೊರಗೆ ಬಿಟ್ಟು ಬರಬೇಕಾಗುತ್ತದೆ. ಮುಂಡಿಗೆಗೆ ಇಬ್ಬರು ವಿದ್ವಾಂಸರು ಎರಡು ಅರ್ಥ ಹೇಳಿದರೆ ಎರಡೂ ನಿಲ್ಲಬಹುದು, ಕೇಳುವವರಿಗೆ ಅದರಿಂದ ಲಾಭವೇ. ನಿಧಿಯ ಒಗಟಿಗೆ ಮಾತ್ರ ಉತ್ತರ ಒಂದೇ, ಅದೂ ಒಂದು ಗುದ್ದಲಿ ಅಗಲದ ಜಾಗ. ಎಷ್ಟೇ ಸೊಗಸಾದ ವ್ಯಾಖ್ಯಾನವಾದರೂ ಆ ಜಾಗಕ್ಕೆ ಕರೆದೊಯ್ಯದಿದ್ದರೆ ಅದು ತಪ್ಪು.

ಬೇಕಾದವರು, ಬೇಕಾದವು

ಆರರಿಂದ ಹತ್ತು ಜನ ಸಾಕು. ಅವರಲ್ಲಿ ಒಬ್ಬರು ದಾಖಲೆಗಾರರಾಗಿರಬೇಕು, ಒಬ್ಬರಿಗೆ ನಕ್ಷೆಗಳ ಹುಚ್ಚಿರಬೇಕು, ಒಬ್ಬರಿಗೆ ಒಗಟಿನ ಮೂಲಭಾಷೆ ಮನೆಮಾತಿನಷ್ಟು ಸಲೀಸಾಗಿರಬೇಕು, ಒಬ್ಬರಾದರೂ ನಿಧಿ ಇರಬಹುದಾದ ದೇಶದಲ್ಲಿ ವಾಸವಿರಬೇಕು. ಇವರೆಲ್ಲರಿಗಿಂತ ಮುಖ್ಯವಾಗಿ ಒಬ್ಬ ಎದುರುವಾದಿ ಬೇಕು: ಬಂದ ಪ್ರತಿಯೊಂದು ಉತ್ತರದಲ್ಲಿಯೂ ಬಿರುಕು ಹುಡುಕುವುದೇ ಆತನ ಕೆಲಸ. ಈ ಹೊಣೆಯನ್ನು ತಿಂಗಳಿಗೊಬ್ಬರಂತೆ ಸರದಿಯಲ್ಲಿ ಹೊರಿಸಿ, ಇಲ್ಲವಾದರೆ ಆ ವ್ಯಕ್ತಿ ಎಲ್ಲರ ಕಣ್ಣಿಗೆ ವಿಘ್ನಸಂತೋಷಿಯಾಗಿ ಕಾಣಲು ಹೆಚ್ಚು ದಿನ ಬೇಡ.

ಸಾಮಗ್ರಿಯಲ್ಲಿ ಮೊದಲನೆಯದು ಎಲ್ಲರೂ ತಿದ್ದಬಹುದಾದ, ಆದರೆ ಯಾರು ಯಾವಾಗ ಏನು ತಿದ್ದಿದರು ಎಂಬುದು ಉಳಿಯುವ ಒಂದು ಹಂಚಿಕೆಯ ಸ್ಪ್ರೆಡ್‌ಶೀಟ್. ವಾಟ್ಸ್‌ಆ್ಯಪ್ ಮಾತಿಗೆ ಇರಲಿ, ದಾಖಲೆಗೆ ಬೇಡ, ಏಕೆಂದರೆ ಅಲ್ಲಿ ಮೂರು ವಾರದ ಹಿಂದಿನ ಒಳ್ಳೆಯ ಸುಳಿವನ್ನು ಹುಡುಕುವುದು ನಿಧಿ ಹುಡುಕುವುದಕ್ಕಿಂತ ಕಷ್ಟ.

ಹಂಚಿಕೆಯ ಒಪ್ಪಂದವನ್ನೂ ಮೊದಲ ವಾರವೇ ಬರೆದಿಡಿ. ನಿಧಿ ಸಿಕ್ಕರೆ ಯಾರಿಗೆಷ್ಟು, ಸ್ಥಳಕ್ಕೆ ಹೋದವರ ಖರ್ಚು ಯಾರದು, ಗುಂಪು ಬಿಟ್ಟು ಹೋದವರು ಇಲ್ಲಿಯ ಮಾಹಿತಿಯನ್ನು ಬಳಸಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು. ನಿಧಿ ಹತ್ತಿರವಾದಂತೆ ಕಂಡಾಗ ಈ ಮಾತೆತ್ತಿದರೆ ಸ್ನೇಹ ಕೆಡುತ್ತದೆ.

ಹಂತ 1: ಮೂಲಪಾಠವನ್ನು ಗಟ್ಟಿ ಮಾಡಿಕೊಳ್ಳಿ

ಒಗಟನ್ನು ಇಬ್ಬರು ಬೇರೆ ಬೇರೆಯಾಗಿ ಮೂಲಪ್ರತಿಯಿಂದ ನೋಡಿ ಬೆರಳಚ್ಚು ಮಾಡಲಿ, ಮೂರನೆಯವರು ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಲಿ. ಇದು ಶಾಲೆಯ ಕಾಪಿ ಬರೆಯುವ ಶಿಕ್ಷೆಯಂತೆ ಕಾಣುತ್ತದೆ ಎಂಬುದು ನನಗೆ ಗೊತ್ತು. ನಮ್ಮ ಗುಂಪಿನಲ್ಲಿ ನಾನೇ ಒಮ್ಮೆ ಯಾರೋ ಹಂಚಿದ ಪ್ರತಿಯನ್ನು ನಂಬಿ ಅಂಟಿಸಿದ್ದೆ. ಅದರಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿ ಎರಡು ಬೇರೆ ವಸ್ತುಗಳು ಒಂದೇ ವಸ್ತುವಾಗಿದ್ದವು, ಮೂರು ವಾರ ಎಂಟು ಜನ ಇಲ್ಲದ ಪ್ರತಿಮೆಯೊಂದನ್ನು ಹುಡುಕಿದೆವು. ದೊಡ್ಡಕ್ಷರ, ಸಾಲು ಮುರಿದ ಜಾಗ, ಕಾಗುಣಿತದ ವಿಚಿತ್ರಗಳು ಯಾವುದನ್ನೂ ತಿದ್ದಬೇಡಿ. ಕರ್ತೃವಿನ ಅಚ್ಚಿನ ತಪ್ಪೋ ಉದ್ದೇಶವೋ ಎಂಬುದನ್ನು ತೀರ್ಮಾನಿಸುವ ಕಾಲ ಇನ್ನೂ ಬಂದಿಲ್ಲ.

ಚಿತ್ರಗಳಿದ್ದರೆ ಅಂಚಿನ ಸಮೇತ ಸ್ಕ್ಯಾನ್ ಮಾಡಿ. ವಿಲಿಯಮ್ಸ್ ಅವರ ಒಗಟಿನ ಕೀಲಿ ಅಂಚಿನಲ್ಲಿಯೇ ಇತ್ತು: ಚಿತ್ರದಲ್ಲಿರುವ ಜೀವಿಗಳ ಕಣ್ಣಿನಿಂದ ಹೊರಟು ಕೈಯ ಅತಿ ಉದ್ದದ ಬೆರಳಿನ ಅಥವಾ ಕಾಲಿನ ಹೆಬ್ಬೆರಳಿನ ಮೂಲಕ ಗೆರೆಯೆಳೆದರೆ ಅದು ಚೌಕಟ್ಟಿನಲ್ಲಿ ಬರೆದ ಒಂದೊಂದು ಅಕ್ಷರವನ್ನು ಮುಟ್ಟುತ್ತಿತ್ತು. ಚೌಕಟ್ಟನ್ನು ಅಲಂಕಾರವೆಂದು ಕತ್ತರಿಸಿ ಚಿತ್ರವನ್ನಷ್ಟೇ ಗೆಳೆಯರಿಗೆ ಕಳುಹಿಸಿದವನು ಆಟವನ್ನು ಅಲ್ಲಿಯೇ ಸೋತಂತೆ.

ಹಂತ 2: ಕರ್ತೃ ಹೇಳಿದ್ದೆಷ್ಟು, ಊರು ಹೇಳಿದ್ದೆಷ್ಟು

ಸ್ಪ್ರೆಡ್‌ಶೀಟಿನ ಒಂದು ಹಾಳೆಯನ್ನು ಕರ್ತೃವಿನ ಮಾತುಗಳಿಗೆ ಮೀಸಲಿಡಿ. ಪ್ರತಿಯೊಂದು ಮಾತಿನ ಎದುರು ಎಲ್ಲಿ, ಯಾವಾಗ, ಯಾವ ಪ್ರಶ್ನೆಗೆ ಉತ್ತರವಾಗಿ ಹೇಳಿದ್ದು ಎಂಬುದಿರಲಿ. ಮೂಲ ಸಿಗದ ಮಾತು ಬೇರೆ ಹಾಳೆಗೆ ಹೋಗಲಿ. ಅದನ್ನು ಅಳಿಸುವುದು ಬೇಡ, ಆಧಾರವಾಗಿ ಬಳಸುವುದೂ ಬೇಡ. ವ್ಯಾಲೆಂಟಿನ್ ಅವರು ಮಿನಿಟೆಲ್ ಎಂಬ, ಅಂತರ್ಜಾಲಕ್ಕೆ ಮುಂಚೆ ಫ್ರಾನ್ಸಿನ ಮನೆಮನೆಯಲ್ಲಿದ್ದ ದೂರವಾಣಿ ಜಾಲದ ಮೂಲಕ ವರ್ಷಗಟ್ಟಲೆ ಆಟಗಾರರ ಪ್ರಶ್ನೆಗಳಿಗೆ ಉತ್ತರಿಸಿದರು. ಆ ಉತ್ತರಗಳಿಗೆ ಆಟಗಾರರು 'ಮಾದಿ' ಎಂದು, ಅಂದರೆ 'ಮ್ಯಾಕ್ಸ್ ಹೇಳಿದ್ದು' ಎಂದು ಹೆಸರಿಟ್ಟು ಶೇಖರಿಸಿದರು. ಅಂಥ ರಾಶಿಯಿಂದ ಉಪಕಾರವೂ ಉಂಟು, ಅಪಾಯವೂ ಉಂಟು. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನಷ್ಟೇ ಎತ್ತಿಕೊಂಡರೆ 'ಹೌದು' ಎಂಬುದು ಯಾವುದಕ್ಕೆ ಹೌದು ಎಂಬುದೇ ತಿಳಿಯುವುದಿಲ್ಲ.

ಕರ್ತೃ ಗಡಿ ಹಾಕಿದ್ದರೆ ಅದನ್ನು ಹಾಳೆಯ ತಲೆಯ ಮೇಲೆ ಬರೆಯಿರಿ. ಅಮೆರಿಕದ ಫಾರೆಸ್ಟ್ ಫೆನ್ ರಾಕಿ ಪರ್ವತಗಳಲ್ಲಿ ಪೆಟ್ಟಿಗೆಯೊಂದನ್ನು ಅಡಗಿಸಿ 2010ರಲ್ಲಿ 24 ಸಾಲಿನ ಪದ್ಯವನ್ನು ಪ್ರಕಟಿಸಿದಾಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು, ಆ ವಯಸ್ಸಿನವನು ಹೋಗಲಾಗದ ಕಡೆ ಹುಡುಕಬೇಡಿ ಎಂದು ಅವರೇ ಎಚ್ಚರಿಸಿದ್ದರು. ಆ ಒಂದು ಮಾತು ಬಂಡೆ ಹತ್ತುವ, ಹೊಳೆ ದಾಟುವ ಎಲ್ಲ ಉತ್ತರಗಳನ್ನೂ ಒಂದೇ ಏಟಿಗೆ ಹೊಡೆದುಹಾಕಬೇಕಿತ್ತು. ಹಾಗಾಗಲಿಲ್ಲ. 2020ರಲ್ಲಿ ವಯೋಮಿಂಗ್‌ನಲ್ಲಿ ಪೆಟ್ಟಿಗೆ ಸಿಗುವ ಹೊತ್ತಿಗೆ ಕನಿಷ್ಠ ಐವರು ಹುಡುಕಾಟದಲ್ಲಿ ಪ್ರಾಣ ಕಳೆದುಕೊಂಡಿದ್ದರು.

ಹಂತ 3: ಮೊದಲ ವಾರ ಮೌನ

ಗುಂಪು ಸೇರಿದ ಕೂಡಲೇ ಚರ್ಚೆಗೆ ಇಳಿಯಬೇಡಿ. ಪ್ರತಿಯೊಬ್ಬರೂ ಒಂದು ವಾರ ಒಂಟಿಯಾಗಿ ಒಗಟನ್ನು ಓದಿ ತಮಗೆ ಕಂಡದ್ದನ್ನು ಬರೆದಿಡಲಿ, ವಾರದ ಕೊನೆಗೆ ಎಲ್ಲರ ಹಾಳೆಗಳೂ ಒಟ್ಟಿಗೆ ತೆರೆಯಲಿ. ಮೊದಲ ದಿನವೇ ಗಟ್ಟಿದನಿಯವರೊಬ್ಬರು "ಇದು ನ್ಯೂಯಾರ್ಕೇ" ಎಂದುಬಿಟ್ಟರೆ ಉಳಿದ ಏಳು ಜನರ ಕಣ್ಣಿಗೆ ಚಿತ್ರದಲ್ಲಿರುವ ಪ್ರತಿ ಗೆರೆಯೂ ನ್ಯೂಯಾರ್ಕಿನ ಬೀದಿಯಾಗಿ ಕಾಣತೊಡಗುತ್ತದೆ. ನಂಬಿದ್ದಕ್ಕೆ ಒಪ್ಪುವುದನ್ನಷ್ಟೇ ಕಣ್ಣು ಆರಿಸಿಕೊಳ್ಳುವ ಈ ದೋಷಕ್ಕೆ ಮನಶ್ಶಾಸ್ತ್ರದವರು ಕನ್ಫರ್ಮೇಷನ್ ಬಯಾಸ್ ಎನ್ನುತ್ತಾರೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದರೆ ಮುಗಿಯಿತು. ಪರಸ್ಪರ ಮಾತಾಡದ ಮೂವರು ಒಂದೇ ಅಂಶವನ್ನು ಗುರುತಿಸಿದ್ದರೆ ಅದಕ್ಕೆ ತೂಕವಿದೆ. ಮಾತಾಡಿಕೊಂಡ ಎಂಟು ಜನರ ಒಮ್ಮತಕ್ಕೆ ಅಷ್ಟು ತೂಕವಿಲ್ಲ.

ಬರೆಯುವಾಗ 'ಕಂಡದ್ದು', 'ಊಹಿಸಿದ್ದು' ಎಂದು ಎರಡು ಅಂಕಣ ಮಾಡಿಕೊಳ್ಳಿ. ಎಡ ಮೂಲೆಯಲ್ಲಿ ಒಂಬತ್ತು ಹಕ್ಕಿಗಳಿವೆ ಎಂಬುದು ಕಂಡದ್ದು. ಅವು ಒಂಬತ್ತನೆಯ ಬೀದಿಯನ್ನು ಸೂಚಿಸುತ್ತವೆ ಎಂಬುದು ಊಹೆ. ಈ ಎರಡರ ನಡುವಣ ಗೆರೆ ಅಳಿಸಿಹೋದ ದಿನ ಗುಂಪು ದಾರಿ ತಪ್ಪುತ್ತದೆ, ಮತ್ತು ಅದು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದೆ ಅಳಿಸಿಹೋಗುತ್ತದೆ.

ಹಂತ 4: ಸುಳಿವಿನ ಜಾತಿಯನ್ನು ಗುರುತಿಸಿ

ಗೂಢ ಸುಳಿವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಜಾತಿಗಳು ಹೆಚ್ಚಿಲ್ಲ. ಅಕ್ಷರಗಳನ್ನು ಕಲಸಿ ಬೇರೆ ಪದ ಮಾಡುವುದು ಅನಗ್ರಾಂ. ಸಾಲುಗಳ ಮೊದಲಕ್ಷರ ಕೂಡಿಸಿದರೆ ಪದವಾಗುವುದು ಅಕ್ರಾಸ್ಟಿಕ್. ಒಂದೊಂದು ಅಕ್ಷರವನ್ನು ನಿಗದಿತ ಲೆಕ್ಕದಲ್ಲಿ ಇನ್ನೊಂದಕ್ಕೆ ಬದಲಿಸುವುದು ಸೈಫರ್. 'ನನ್ನ ಮೊದಲನೆಯದು ಇದು, ಎರಡನೆಯದು ಅದು' ಎಂದು ತುಂಡುತುಂಡಾಗಿ ಪದ ಕಟ್ಟಿಸುವುದು ಶರಾಡ್. ಇವಲ್ಲದೆ ಒಂದೇ ಉಚ್ಚಾರದ ಎರಡು ಪದಗಳ ಆಟ, ಅಕ್ಷಾಂಶ ರೇಖಾಂಶಗಳನ್ನು ಅಂಕಿಯಾಗಿ ಅಡಗಿಸುವುದು, ಐತಿಹಾಸಿಕ ವ್ಯಕ್ತಿಯನ್ನು ಹೆಸರಿಸದೆ ಸೂಚಿಸುವುದು ಇವೂ ಸಾಮಾನ್ಯ.

ಒಂದನ್ನು ಬಿಚ್ಚಿ ನೋಡೋಣ. ಫ್ರಾನ್ಸಿನ ಗೂಬೆಯ ಆಟದಲ್ಲಿ 530 ಎಂಬ ಸಂಖ್ಯೆಯ ಒಗಟು ಏಳು ತುಂಡಿನ ಶರಾಡ್. ಅದರ ಮೊದಲನೆಯ ತುಂಡು 'ಮೊದಲ ಪ್ರಾಯದ ಅರ್ಧದ ಮೊದಲರ್ಧ'. ಮೊದಲ ಪ್ರಾಯವೆಂದರೆ ಶಿಶು; ಫ್ರೆಂಚಿನಲ್ಲಿ ಶಿಶುವಿಗೆ 'ಬೇಬೇ', ನಾಲ್ಕಕ್ಷರದ ಬರಹ; ಅದರ ಅರ್ಧ 'ಬೇ', ಆ ಅರ್ಧದ ಮೊದಲರ್ಧ 'ಬಿ' ಎಂಬ ಅಕ್ಷರ. ಎರಡನೆಯ ಮತ್ತು ಮೂರನೆಯ ತುಂಡುಗಳು ದಾರಿ ಹುಡುಕುತ್ತಿವೆ. ದಾರಿ ತಪ್ಪಿದವರು ಕೇಳುವ ಪದ 'ಎಲ್ಲಿ', ಫ್ರೆಂಚಿನಲ್ಲಿ 'ಊ', ಬರೆಯುವುದು 'ಓ' ಮತ್ತು 'ಯು' ಎಂಬ ಎರಡಕ್ಷರಗಳಲ್ಲಿ. ನಾಲ್ಕನೆಯದು ಉಸಿರೆಳೆದುಕೊಳ್ಳುವ ಮಾತು: ಗಾಳಿಗೆ 'ಏರ್' ಎನ್ನುತ್ತಾರೆ, 'ಆರ್' ಅಕ್ಷರವನ್ನು ಫ್ರೆಂಚರು ಉಚ್ಚರಿಸುವುದೂ ಹಾಗೆಯೇ. ಐದನೆಯದು ಕೋಪದಲ್ಲಿದ್ದು ನಾಲ್ಕನೆಯದನ್ನೂ ರೋಮನ್ನರ ಮೊದಲಕ್ಷರವನ್ನೂ ಹಿಂಬಾಲಿಸುತ್ತದೆ. ಕೋಪವೆಂಬ ಅರ್ಥದ ನಾಲ್ಕಕ್ಷರದ ಫ್ರೆಂಚ್ ಪದದಲ್ಲಿ 'ಆರ್', 'ಎ' ಆದ ಮೇಲೆ ಬರುವುದು 'ಜಿ'. ಆರನೆಯದು ಅನಂತತೆ ಎಂಬರ್ಥದ ಪದದ ಎರಡೂ ಅಂಚುಗಳಲ್ಲಿ ಅಡಗಿರುವ 'ಇ'. ಏಳನೆಯದು ಎದ್ದು ನಿಂತು ವಿಷ ಉಗುಳುತ್ತದೆ, ಅಂದರೆ ಹಾವು, ಹಾವಿನ ಆಕಾರದ ಅಕ್ಷರ 'ಎಸ್'. ಏಳನ್ನೂ ಕೂಡಿಸಿದರೆ ಫ್ರಾನ್ಸಿನ ನಡುಭಾಗದ ಬೂರ್ಜ್ ಎಂಬ ಊರು.

ಇಲ್ಲಿ ಗಮನಿಸಬೇಕಾದದ್ದು ಉತ್ತರದ ಗುಣ. ಏಳು ತುಂಡುಗಳಲ್ಲಿ ಯಾವುದನ್ನು ಬೇಕಾದರೂ ಪ್ರತ್ಯೇಕವಾಗಿ ಪರೀಕ್ಷಿಸಬಹುದು, ಒಂದರಲ್ಲಿ ಸಂಶಯವಿದ್ದರೂ ಉಳಿದ ಆರು ಅದನ್ನು ಹಿಡಿದು ನಿಲ್ಲಿಸುತ್ತವೆ, ಕೊನೆಗೆ ಬಂದ ಪದ ಅರ್ಥವಿಲ್ಲದ ಅಕ್ಷರಗಳ ಗುಡ್ಡೆಯಾಗಿರದೆ ನಕ್ಷೆಯಲ್ಲಿರುವ ಊರಾಗಿದೆ. ನಿಮ್ಮ ಗುಂಪಿನ ಉತ್ತರಕ್ಕೆ ಈ ಮೂರು ಲಕ್ಷಣಗಳಿವೆಯೇ ಎಂದು ಕೇಳಿಕೊಳ್ಳಿ. ಹಾಗೆಯೇ ಇಂಥ ಒಗಟನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಬಿಡಿಸಲು ಹೊರಡುವುದು ನೀರಿಲ್ಲದ ಬಾವಿಗೆ ಹಗ್ಗ ಇಳಿಬಿಟ್ಟಂತೆ ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಭಾಷೆ ಬಲ್ಲವರೊಬ್ಬರು ಬೇಕು ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ.

ಚಾಟ್‌ಬಾಟ್‌ಗಳ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಒಂದು ಪದದ ಹಳೆಯ ಅರ್ಥಗಳನ್ನು, ಒಂದು ಹೆಸರಿನ ಊರುಗಳನ್ನು ಪಟ್ಟಿ ಮಾಡಿಸಲು ಅವನ್ನು ಬಳಸಬಹುದು, ಪಟ್ಟಿಯನ್ನು ನಿಘಂಟಿನಲ್ಲಿ ತಾಳೆ ನೋಡುವ ಷರತ್ತಿನ ಮೇಲೆ. ಇಡೀ ಪದ್ಯವನ್ನು ಕೊಟ್ಟು ಉತ್ತರ ಕೇಳಿದರೆ ಅವು ಯಾವ ಊರಿಗಾದರೂ ಅಷ್ಟೇ ಆತ್ಮವಿಶ್ವಾಸದಿಂದ ವಾದ ಕಟ್ಟಿಕೊಡುತ್ತವೆ. ಅಂಥ ವಾದಗಳಿಗೆ ಗುಂಪಿನಲ್ಲಿ ಮೊದಲೇ ಬರವಿಲ್ಲ.

ಹಂತ 5: ಊರಿನಿಂದ ಗುಂಡಿಯವರೆಗೆ

ಊರು ಸಿಕ್ಕಿದ ಮೇಲೆ ಹುಡುಕಾಟದ ಸ್ವಭಾವವೇ ಬದಲಾಗುತ್ತದೆ. ಊರನ್ನು ಸೂಚಿಸುವ ಸುಳಿವುಗಳು ಸಾಮಾನ್ಯವಾಗಿ ಗೂಢವಾಗಿರುತ್ತವೆ, ಗುಂಡಿಯನ್ನು ಸೂಚಿಸುವವು ಆಶ್ಚರ್ಯವಾಗುವಷ್ಟು ನೇರವಾಗಿರುತ್ತವೆ. ಕ್ಲೀವ್‌ಲ್ಯಾಂಡಿನ ಪೆಟ್ಟಿಗೆ ಇದಕ್ಕೆ ಒಳ್ಳೆಯ ಪಾಠ. ಆ ಪದ್ಯದಲ್ಲಿ ಸಾಕ್ರಟೀಸ್, ಪಿಂಡಾರ್, ಅಪೆಲ್ಲೀಸ್ ಎಂಬ ಮೂರು ಗ್ರೀಕ್ ಹೆಸರುಗಳಿದ್ದವು. ಒಬ್ಬ ತತ್ತ್ವಜ್ಞಾನಿ, ಒಬ್ಬ ಕವಿ, ಒಬ್ಬ ಚಿತ್ರಕಾರ. ಈ ಮೂವರ ಹೆಸರು ಒಟ್ಟಿಗೆ ಕಲ್ಲಿನಲ್ಲಿ ಕೆತ್ತಿರುವ ಜಾಗವನ್ನು ಹುಡುಕಿಕೊಂಡು ಹೋದವರು ಆ ನಗರದಲ್ಲಿ ಒಂದೊಂದು ದೇಶದವರ ಹೆಸರಿನಲ್ಲಿ ಒಂದೊಂದರಂತೆ ಬೆಳೆಸಿರುವ ತೋಟಗಳ ಪೈಕಿ ಗ್ರೀಕರ ತೋಟಕ್ಕೆ ಬಂದು ಮುಟ್ಟಿದರು. ಅಲ್ಲಿಂದ ಮುಂದೆ ಪದ್ಯ ಗೋಡೆಯೊಂದರಲ್ಲಿ ಮೇಲಿನಿಂದ ಒಂಬತ್ತನೆಯ ಸಾಲು, ಬಲದಿಂದ ಎಡಕ್ಕೆ ಹತ್ತನೆಯ ಕಲ್ಲು ಎಂದು ಗಾರೆ ಮೇಸ್ತ್ರಿಯ ಹಾಗೆ ಲೆಕ್ಕ ಹೇಳುತ್ತದೆ. ಒಂಬತ್ತು ಎಂದರೆ ನವಗ್ರಹ, ಹತ್ತು ಎಂದರೆ ದಶದಿಕ್ಕು ಎಂದು ಅಲ್ಲಿಯೂ ಗೂಢಾರ್ಥ ಹುಡುಕುತ್ತ ಕುಳಿತವರಿಗೆ ಪೆಟ್ಟಿಗೆ ಸಿಗುತ್ತಿರಲಿಲ್ಲ.

ಈ ಹಂತದಲ್ಲಿ ಬಳಸಬೇಕಾದದ್ದು ಒಗಟು ಬರೆದ ವರ್ಷದ ನಕ್ಷೆ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡುವ ಅವಕಾಶವಿದೆ. ಬೀದಿಯಲ್ಲಿ ನಿಂತು ನೋಡಿದಂತೆ ತೋರಿಸುವ ಸ್ಟ್ರೀಟ್ ವ್ಯೂ ಆರಂಭವಾದದ್ದೇ 2007ರಲ್ಲಿ. ಆದ್ದರಿಂದ 1982ರ ಒಗಟಿಗೆ ಅದೊಂದನ್ನೇ ನಂಬುವಂತಿಲ್ಲ. ಆಯಾ ನಗರದ ಗ್ರಂಥಾಲಯಗಳು ಡಿಜಿಟಲ್ ರೂಪದಲ್ಲಿ ಇಟ್ಟಿರುವ ಹಳೆಯ ಛಾಯಾಚಿತ್ರ, ಪೋಸ್ಟ್‌ಕಾರ್ಡ್, ಉದ್ಯಾನದ ನಕ್ಷೆ ಇವೇ ನಿಜವಾದ ಆಸ್ತಿ. ಮರ ಬಿದ್ದಿರಬಹುದು, ಕಂಬ ಕಿತ್ತಿರಬಹುದು, ಮೆಟ್ಟಿಲುಗಳಿಗೆ ಹೊಸ ಕಲ್ಲು ಹಾಸಿರಬಹುದು. ಬಾಸ್ಟನ್ನಿನ ಪೆಟ್ಟಿಗೆ ಹೊರಬಂದದ್ದೂ ಉದ್ಯಾನವನ್ನು ನವೀಕರಿಸುವ ಕಾಮಗಾರಿ ನಡೆಯುತ್ತಿದ್ದ ಹೊತ್ತಿನಲ್ಲಿ, ಕಾಮಗಾರಿಯವರ ನೆರವಿನಿಂದ.

ಹಂತ 6: ನಿಮ್ಮ ಉತ್ತರವನ್ನು ನೀವೇ ಕೆಡವಲು ನೋಡಿ

ಹೆಚ್ಚಿನ ಗುಂಪುಗಳು ಈ ಹಂತವನ್ನು ಹಾರಿಸಿಬಿಡುತ್ತವೆ. ಜಾಗ ಗೊತ್ತಾಯಿತು ಎಂದು ಅನ್ನಿಸಿದ ದಿನ ಯಾರೂ ಟಿಕೆಟ್ ಕಾದಿರಿಸಬಾರದು. ಬದಲಿಗೆ ನಾಲ್ಕು ಪರೀಕ್ಷೆಗಳನ್ನು ಮಾಡಬೇಕು.

ಮೊದಲನೆಯದನ್ನು ನಾವು ಕುರುಡು ಪರೀಕ್ಷೆ ಎನ್ನುತ್ತೇವೆ. ಗುಂಪಿನ ಹೊರಗಿನ, ಅಥವಾ ಈ ಚರ್ಚೆಯಲ್ಲಿ ಇರದಿದ್ದ ಒಬ್ಬರಿಗೆ ನಿಮ್ಮ ಉತ್ತರವನ್ನು ಹೇಳದೆ, ನೀವು ಬಳಸಿದ ವಿಧಾನವನ್ನಷ್ಟೇ ಬರೆದು ಕೊಡಿ. "ಪ್ರತಿ ಸಾಲಿನ ಮೂರನೆಯ ಪದ ತೆಗೆದುಕೊಳ್ಳಿ, ಮೊದಲಕ್ಷರ ಕೂಡಿಸಿ" ಎಂಬಂಥ ಸೂಚನೆಗಳನ್ನು ಅನುಸರಿಸಿ ಆ ವ್ಯಕ್ತಿ ನೀವು ತಲುಪಿದ ಜಾಗಕ್ಕೇ ತಲುಪಬೇಕು. ಸೂಚನೆ ಬರೆಯಲು ಕುಳಿತಾಗಲೇ "ಐದನೆಯ ಸಾಲಿನಲ್ಲಿ ಮಾತ್ರ ನಾಲ್ಕನೆಯ ಪದ" ಎಂಬಂಥ ವಿನಾಯಿತಿಗಳು ಬೇಕಾಗುತ್ತಿದ್ದರೆ ಉತ್ತರವನ್ನು ಮೊದಲೇ ಆರಿಸಿಕೊಂಡು ದಾರಿಯನ್ನು ಆಮೇಲೆ ಹೊಲಿದಿದ್ದೀರಿ ಎಂದು ಅರ್ಥ.

ಎರಡನೆಯದು ಉಳಿಕೆಯ ಲೆಕ್ಕ. ಪದ್ಯದ ಎಷ್ಟು ಪದಗಳಿಗೆ ನಿಮ್ಮ ಉತ್ತರದಲ್ಲಿ ಕೆಲಸವಿಲ್ಲ? ಕೆಲವು ಸಾಲುಗಳು ಅಲಂಕಾರಕ್ಕಾಗಿ ಇರಬಹುದು, ಅರ್ಧ ಪದ್ಯವೇ ಅಲಂಕಾರವಾಗಿರಲಾರದು. ಬೇಕೆಂದೇ ದಾರಿ ತಪ್ಪಿಸುವ ಸುಳಿವಿಗೆ ರೆಡ್ ಹೆರಿಂಗ್ ಎಂಬ ಹೆಸರಿದೆ. ತಮ್ಮ ಉತ್ತರಕ್ಕೆ ಒಗ್ಗದ ಸಾಲುಗಳಿಗೆಲ್ಲ ಆ ಹಣೆಪಟ್ಟಿ ಹಚ್ಚುವುದು ಸೋಮಾರಿತನ.

ಮೂರನೆಯದು ಪೈಪೋಟಿ ಪರೀಕ್ಷೆ: ಎದುರುವಾದಿಗೆ ಎರಡು ದಿನ ಕೊಟ್ಟು, ಅದೇ ಸುಳಿವುಗಳಿಂದ ಸಂಬಂಧವೇ ಇಲ್ಲದ ಇನ್ನೊಂದು ಊರನ್ನು ಸಾಧಿಸಿ ತೋರಿಸಲು ಹೇಳಿ. ಆತ ಅಷ್ಟೇ ಚೆನ್ನಾಗಿ ಸಾಧಿಸಿಬಿಟ್ಟರೆ ನಿಮ್ಮ ಸುಳಿವುಗಳು ಏನನ್ನೂ ಹೇಳುತ್ತಿಲ್ಲ. ನಮ್ಮ ಎದುರುವಾದಿಯೊಬ್ಬರು ನಾವು ಮಾಂಟ್ರಿಯಲ್ ಎಂದು ಪಟ್ಟು ಹಿಡಿದಿದ್ದ ಪದ್ಯವನ್ನು ಒಂದು ಸಂಜೆಯಲ್ಲಿ ಲಾಲ್‌ಬಾಗ್‌ಗೆ ಹೊಂದಿಸಿ ತೋರಿಸಿದಾಗ ಎಲ್ಲರೂ ನಕ್ಕೆವು, ಮರುದಿನ ಆ ಉತ್ತರವನ್ನು ಕೈಬಿಟ್ಟೆವು.

ನಾಲ್ಕನೆಯದು ಕರ್ತೃವೇ ಒದಗಿಸಿರುವ ಮುದ್ರೆಯನ್ನು ಹುಡುಕುವುದು. ಮೊಲದ ಒಗಟಿನಲ್ಲಿ ಹದಿನೈದು ಚಿತ್ರಗಳಿಂದ ಹದಿನೈದು ಪದ ಅಥವಾ ಪದಗುಚ್ಛಗಳು ಬರುತ್ತವೆ. ಹಗಲಿರುಳು ಸಮನಾಗುವ ವಿಷುವದಿನದ ನಡುಹಗಲಲ್ಲಿ ಕ್ಯಾಥರೀನಳ ಉದ್ದಬೆರಳಿನ ನೆರಳು ಬೀಳುವಲ್ಲಿ ನೋಡು ಎಂಬುದು ಅವುಗಳ ತಾತ್ಪರ್ಯ. ಆ ಹದಿನೈದರ ಮೊದಲಕ್ಷರಗಳನ್ನು ಕೂಡಿಸಿದರೆ ಆಂಪ್ಟ್‌ಹಿಲ್ ಊರಿನ ಸಮೀಪ ಎಂಬರ್ಥದ ಇಂಗ್ಲಿಷ್ ಮಾತಾಗುತ್ತದೆ, ಆಂಪ್ಟ್‌ಹಿಲ್‌ನ ಉದ್ಯಾನದಲ್ಲಿ ರಾಣಿ ಕ್ಯಾಥರೀನಳ ನೆನಪಿನ ಶಿಲುಬೆಯ ಕಂಬ ನಿಂತಿದೆ. ಎರಡು ಬೇರೆ ದಾರಿಗಳು ಒಂದೇ ಜಾಗದಲ್ಲಿ ಕೂಡಿದಾಗ ಸಂಶಯಕ್ಕೆ ಎಡೆಯಿರುವುದಿಲ್ಲ. ಹೋಲಿಸಿ ನೋಡಿ: ಮೊಲಕ್ಕೆ ಇಂಗ್ಲಿಷಿನಲ್ಲಿ 'ಹೇರ್' ಎನ್ನುತ್ತಾರೆ ಎಂಬ ಒಂದೇ ಎಳೆ ಹಿಡಿದು ಹೇರ್ಸ್‌ಫೀಲ್ಡ್ ಗುಡ್ಡಕ್ಕೆ ನುಗ್ಗಿದವರು ಎಷ್ಟಿದ್ದರೆಂದರೆ ಮೊಲ ಇಲ್ಲಿಲ್ಲ ಎಂಬ ಫಲಕವನ್ನು ವಿಲಿಯಮ್ಸ್ ತಮ್ಮ ಖರ್ಚಿನಲ್ಲಿಯೇ ಅಲ್ಲಿ ನಿಲ್ಲಿಸಬೇಕಾಯಿತು.

ಹಂತ 7: ಸ್ಥಳಕ್ಕೆ ಹೋಗುವುದು

ನಾವು ಇಲ್ಲಿ ಕುಳಿತು ಅಲ್ಲಿ ಅಗೆಯಲಾಗುವುದಿಲ್ಲ. ಅಮೆರಿಕದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಈ ಹಂತದಲ್ಲಿ ಗುಂಪಿನ ಕಣ್ಣಾಗುತ್ತಾರೆ. ಅವರಿಗೆ "ಹೋಗಿ ನೋಡಿ ಬನ್ನಿ" ಎಂದಷ್ಟೇ ಹೇಳಿದರೆ ನಾಲ್ಕು ಸೆಲ್ಫಿ ಬರುತ್ತವೆ, ಬೇಕಾದದ್ದು ಬರುವುದಿಲ್ಲ. ಯಾವ ಕಂಬದ ಯಾವ ಮುಖ, ಎಷ್ಟು ಸಾಲು ಕಲ್ಲು, ಯಾವ ಹೊತ್ತಿನ ನೆರಳು ಎಂಬ ಪಟ್ಟಿ ಕೊಡಿ, ಪ್ರತಿ ಚಿತ್ರದಲ್ಲಿಯೂ ಅಳತೆಗಾಗಿ ಒಂದು ಅಡಿಪಟ್ಟಿಯೋ ನೀರಿನ ಬಾಟಲಿಯೋ ಇರಲಿ ಎಂದು ತಿಳಿಸಿ. ವಿಡಿಯೊ ಕರೆಯಲ್ಲಿ ಎಲ್ಲರೂ ನೋಡುವುದಾದರೆ ಗಂಟೆಯ ಲೆಕ್ಕ ನೆನಪಿರಲಿ: ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ, ಸ್ಯಾನ್ ಫ್ರಾನ್ಸಿಸ್ಕೊ ಅದಕ್ಕಿಂತಲೂ ಮೂರು ಗಂಟೆ ಹಿಂದೆ. ಅಲ್ಲಿಯ ನಡುಹಗಲಿನ ನೆರಳನ್ನು ನೋಡಬೇಕಾದವರು ಇಲ್ಲಿ ನಿದ್ದೆಗೆಡಬೇಕಾಗುತ್ತದೆ.

ಅಗೆಯುವ ಮೊದಲು ಲಿಖಿತ ಅನುಮತಿ ಬೇಕು, ಇದರಲ್ಲಿ ರಾಜಿಯಿಲ್ಲ. ಸಾರ್ವಜನಿಕ ಉದ್ಯಾನವಾದರೆ ನಗರಾಡಳಿತದಿಂದ, ಖಾಸಗಿ ಜಾಗವಾದರೆ ಮಾಲೀಕರಿಂದ. ರಾತ್ರಿ ಹೊತ್ತು ಗುದ್ದಲಿ ಹಿಡಿದು ನಿಂತ ಪರದೇಶಿಯ ವೀಸಾ ಪೊಲೀಸರ ಕೈಗೆ ಹೋಗುವಷ್ಟು ಬೆಲೆ ಯಾವ ರತ್ನಕ್ಕೂ ಇಲ್ಲ. ಕರ್ನಾಟಕದಲ್ಲಿಯೇ ಇಂಥ ಆಟವನ್ನು ಏರ್ಪಡಿಸಬೇಕೆಂದು ಕೇಳುವವರಿಗೂ ಒಂದು ಮಾತು. ನಿಧಿಯಾಸೆಗೆ ಗುಡಿಗಳ ಗರ್ಭಗೃಹವನ್ನೇ ಅಗೆದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದ್ದರಿಂದ ಹಳೆಯ ಗುಡಿ, ಕೋಟೆ, ವೀರಗಲ್ಲುಗಳ ಹತ್ತಿರ ಯಾವುದೇ ಒಗಟಿನ ಜಾಡು ಹಾಯದಂತೆ ನೋಡಿಕೊಳ್ಳಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ವಸ್ತುವನ್ನು ಹೂಳುವ ಬದಲು ಒಪ್ಪಿದ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಇರಿಸಿ, ಗುಟ್ಟಿನ ಮಾತು ಹೇಳಿದವರಿಗೆ ಕೊಡುವ ಏರ್ಪಾಡು ಮಾಡಿಕೊಳ್ಳಬಹುದು.

ಹಂತ 8: ಅಗೆದ ಮಣ್ಣನ್ನು ನೋಡಿ

ಕೊನೆಯ ಹಂತ ಚಿಕ್ಕದು, ಆದರೆ ಅದನ್ನು ಬಿಟ್ಟವರು ಪಟ್ಟ ಪಾಡು ದೊಡ್ಡದು. ಮೊಲದ ಒಗಟನ್ನು ನ್ಯಾಯವಾಗಿ ಬಿಡಿಸಿದವರು ಇಬ್ಬರು ಭೌತಶಾಸ್ತ್ರದ ಅಧ್ಯಾಪಕರು. ಅವರು ಸರಿಯಾದ ಜಾಗದಲ್ಲಿಯೇ ಅಗೆದರು, ಆದರೆ ಲೋಹಶೋಧಕಕ್ಕೆ ಸಿಗದಿರಲೆಂದು ಮೊಲವನ್ನು ಇರಿಸಿದ್ದ ಮಣ್ಣಿನ ಪೆಟ್ಟಿಗೆ ಅಗೆದು ಹಾಕಿದ ಮಣ್ಣಿನೊಳಗೆ ಅವರ ಕಣ್ಣಿಗೆ ಬೀಳಲಿಲ್ಲ. 1982ರಲ್ಲಿ ಬಹುಮಾನ ಪಡೆದವನು ಬೇರೊಬ್ಬ. ಅವನಿಗೆ ಒಗಟು ಬಿಡಿಸುವ ಬದಲು ಒಳಗಿನವರಿಂದ ಸುಳಿವು ಸಿಕ್ಕಿತ್ತು ಎಂಬುದು 1988ರಲ್ಲಿ ಪತ್ರಿಕೆಯೊಂದು ಬಯಲು ಮಾಡಿದ ಮೇಲಷ್ಟೇ ಲೋಕಕ್ಕೆ ತಿಳಿಯಿತು.

ಆದ್ದರಿಂದ ಅಗೆದ ಪ್ರತಿ ಬುಟ್ಟಿ ಮಣ್ಣನ್ನೂ ಟಾರ್ಪಾಲಿನ ಮೇಲೆ ಸುರಿದು, ಹೆಂಟೆಗಳನ್ನು ಕೈಯಿಂದ ಒಡೆದು ನೋಡಿ. ಪಿಂಗಾಣಿಯ ಚೂರು, ಗಾಜಿನ ತುಂಡು ಏನೇ ಸಿಕ್ಕರೂ ಚಿತ್ರ ತೆಗೆದು ದಾಖಲೆಗಾರರಿಗೆ ಕಳುಹಿಸಿ. ಏನೂ ಸಿಗದಿದ್ದರೆ ಗುಂಡಿಯನ್ನು ಮುಚ್ಚಿ, ಹುಲ್ಲುಹಾಸನ್ನು ಮೊದಲಿದ್ದಂತೆ ಕೂರಿಸಿ, ಎಲ್ಲಿ ಎಷ್ಟು ಆಳ ಅಗೆದಿರಿ ಎಂಬುದನ್ನು ಹಾಳೆಯಲ್ಲಿ ಬರೆಯಿರಿ. ಆ ಒಂದು ಸಾಲು ಇಲ್ಲದಿದ್ದರೆ ಎರಡು ವರ್ಷ ಕಳೆದು ಗುಂಪಿಗೆ ಬಂದ ಹೊಸಬರೊಬ್ಬರು ಅದೇ ಪದ್ಯದಿಂದ ಅದೇ ಜಾಗವನ್ನು ಅಷ್ಟೇ ಹುರುಪಿನಿಂದ ಕಂಡುಹಿಡಿದು ನಿಮ್ಮ ಮುಂದಿಡುತ್ತಾರೆ.